ಉಂಡ ಮನೆಯ ಜಂತೆ

ಅರವತ್ತೇಳು ಬೇಕಂತೆ.
ಅರವತ್ನಾಲ್ಕು ಗಟ್ಟಿಯಂತೆ.
ಮೂವರು ಗೋಡೆಯ ಮೇಲೆ. ಅವರಲ್ಲೊಬ್ಬ ನಮ್ಮವನು.

ನನ್ನ ಅಂಗಡಿಯಲ್ಲಿ ಎರಡೇ ಕುರ್ಚಿ, ಒಂದು ಟೀವಿ,
ಆದರೂ ಬೆಳಗಿನಿಂದ ಇಲ್ಲಿ ಎಲ್ಲರೂ
ವಾಷಿಂಗ್ಟನ್ನಿನ ಕುರ್ಚಿಗಳನ್ನು ಎಣಿಸುತ್ತಿದ್ದಾರೆ.
ಹೊರಗೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ.
ಎಂಜಿನ್ ಆರಿಸದೆ ಬಿಟ್ಟ ಪಿಕಪ್ಪುಗಳು ಗೊರಗುಡುತ್ತಿವೆ,
ಹತ್ತಿ ಹೋಗುವವರಿಲ್ಲ.

ನಾನು ಆರ್ಡೆಲ್ ಸ್ಕಾರ್. ನಾರ್ತ್ ಡಕೋಟಾದ ಈ ಬೀದಿಯಲ್ಲಿ
ನಲವತ್ತೊಂದು ವರ್ಷದಿಂದ ತಲೆ ತೆಗೆಯುವವನು,
ಕೂದಲಿನ ಮಟ್ಟಿಗೆ.
ಸೆನೆಟರ್ ಲೈಲ್ ತ್ವೇಟ್ ಒಂಬತ್ತರ ಹುಡುಗನಾಗಿ
ಇದೇ ಕುರ್ಚಿಯ ಕೈಗಳ ಮೇಲೆ ಹಲಗೆ ಅಡ್ಡ ಇಟ್ಟು ಕೂತಿದ್ದ.
ಎಡಗಿವಿಯ ಹಿಂದೆ ಹುರುಳಿಕಾಳಿನಷ್ಟು ಮಚ್ಚೆ.
ಅವನ ತಾಯಿಗೆ ಗೊತ್ತಿತ್ತು, ನನಗೆ ಗೊತ್ತು,
ಈಗ ಪಕ್ಷಕ್ಕೂ ಗೊತ್ತಿರಬೇಕು:
ಕಿವಿ ಹಿಂಡುವವರ ಕಣ್ಣಿಗೆ ಮಚ್ಚೆ ತಪ್ಪುತ್ತದೆಯೇ?

ಗ್ಯಾಸ್ ಲಾರಿಯ ವೆಂಡಲ್ ಉಪ್ಪಿನಕಾಯಿ ಜಾಡಿಗೆ
ಇಪ್ಪತ್ತು ಡಾಲರ್ ಹಾಕಿದ.
'ಗೋಧಿ ನಾಡಿನವನಪ್ಪಾ, ಗಾಳಿ ಬಂದಾಗ ತೂರಿಕೊಳ್ಳುತ್ತಾನೆ.
ನಿರಪರಾಧಿ ಅಂತಾನೆ, ಕೂರುತ್ತಾನೆ.'
ಚರ್ಚಿನಲ್ಲಿ ಆರ್ಗನ್ ನುಡಿಸುವ ಮಾರ್ವಾ ರುಸ್ತಾಡ್
ಮೊಮ್ಮಗನ ಸರದಿಗೆ ಕಾಯುತ್ತಾ ಹೆಣಿಗೆಯಿಂದ ತಲೆ ಎತ್ತಲಿಲ್ಲ.
'ಉಂಡ ಮನೆಯ ಜಂತೆ ಎಣಿಸುವ ಪೈಕಿಯಲ್ಲ ತ್ವೇಟರು.'

ಸರಿ. ಆದರೆ ಯಾವ ಮನೆ, ಮಾರ್ವಾ?
ಕೆಳಮನೆ ದೂರು ಹೊತ್ತು ತಂದಿದೆ,
ಮೇಲ್ಮನೆ ಎದ್ದು ನಿಂತು ತೀರ್ಪು ಹೇಳಬೇಕು.
ಅವನು ಉಂಡದ್ದೆಲ್ಲಿ?
ತಟ್ಟೆಗೆ ಐದು ಸಾವಿರದ ಪಕ್ಷದ ಔತಣದಲ್ಲೋ,
ಇಲ್ಲ, ಅವನಪ್ಪ ಟ್ರ್ಯಾಕ್ಟರಿನಡಿ ಸಿಕ್ಕ ಆ ಚಳಿಗಾಲ
ನೀನು, ವೆಂಡಲ್ಲನ ತಾಯಿ, ನನ್ನ ಹೆಂಡತಿ
ಸರದಿ ಹಾಕಿಕೊಂಡು ಹೊತ್ತ ಆಲೂಗಡ್ಡೆ ಪಾತ್ರೆಗಳಲ್ಲೋ?

ಅಧ್ಯಕ್ಷ ಅದನ್ನು ಮಾಡಿದನೇ ಎಂದು
ಇಲ್ಲಿ ಯಾರೂ ಕೇಳುತ್ತಿಲ್ಲ.
ಮಾಡಿದ್ದಾನೆ. ಅದು ಹೊರಗಿನ ಚಳಿಯಷ್ಟೇ ಎಲ್ಲರಿಗೂ ಗೊತ್ತು.
ಬಾಗಿಲು ಮುಚ್ಚಲು ಏಳುವವರು ಯಾರು ಅನ್ನುವುದಷ್ಟೇ ಚರ್ಚೆ.

ನವೆಂಬರಿನಲ್ಲಿ ಲೈಲ್ ಬಂದಿದ್ದ.
ನೊರೆ ಹಚ್ಚಿ, ಕತ್ತು ಹಿಂದಕ್ಕೆ ಬಾಗಿಸಿ,
ಕತ್ತಿ ಗಂಟಲ ಮೇಲಿರುವಾಗಲೇ ಕೇಳಿದೆ:
ಏನು ಮಾಡ್ತೀಯ, ಹುಡುಗಾ?
ಅವನು ಮಾತಾಡಲಿಲ್ಲ. ನುಂಗಿದ.
ಗಂಟಲ ಗಂಟು ಮೇಲೇರಿ, ಇಳಿಯಿತು,
ಅಲಗಿನಡಿಯಲ್ಲಿ.
ಹೌದನ್ನು ನುಂಗಿದನೋ, ಅಲ್ಲವನ್ನೋ,
ಮೂರು ತಿಂಗಳಿಂದ ನನ್ನ ಕೈ ಅದನ್ನೇ ಯೋಚಿಸುತ್ತಿದೆ.

ನಾನೇನು ಕಡಿಮೆ?
ನನ್ನಪ್ಪ ಬಳಿದ ಸುತ್ತನ್ನೇ ಬಳಿಯುತ್ತಾ ಬಂದವನು,
ಕಳೆದ ಬಾರಿಯೂ, ಇದೇ ಅಧ್ಯಕ್ಷನಿಗೆ.
ಬಳಿಯುವಾಗ ಪೆನ್ನು ನಡುಗಿತು.
ಚಳಿ ಅಂದುಕೊಂಡೆ. ಹೀಟರ್ ಉರಿಯುತ್ತಿತ್ತು.

ಹೆಸರು ಕೂಗುತ್ತಿದ್ದಾರೆ, ಅಕ್ಷರದ ಸಾಲಿನಲ್ಲಿ.
ಗೋಡೆಯ ಮೇಲಿನ ಒಬ್ಬಳು ಅತ್ತ ಇಳಿದಳು.
ಒಬ್ಬ ಇತ್ತ.
ವೆಂಡಲ್ ಬೆರಳು ಮಡಚಿ ಲೆಕ್ಕ ಹಾಕಿ ಹೇಳಿದ: ಮುಗೀತು.
ಇನ್ನು ನಮ್ಮವನು ಏನಂದರೂ ಅರವತ್ತೇಳಾಗದು,
ಅಧ್ಯಕ್ಷ ಉಳಿದ.

ಆದರೂ ಯಾರೂ ಏಳಲಿಲ್ಲ.
ಮಾರ್ವಾಳ ಸೂಜಿಗಳು ನಿಂತವು.

ತ್ವೇಟ್, ಎಂದು ಕೂಗಿದರು.
ಕ್ಯಾಮೆರಾ ಹಿಂದಿನಿಂದ. ಎದ್ದು ನಿಂತ ಕೋಟು, ಕತ್ತು.
ಅಲ್ಲಿ ಯಾರೋ ತೀರಾ ಮೇಲಕ್ಕೆ ಕತ್ತರಿಸಿದ್ದಾರೆ, ಗೆರೆ ಸೊಟ್ಟ,
ಮಚ್ಚೆ ಊರಿಗೆಲ್ಲ ಕಾಣುತ್ತಿದೆ.

ಅರ್ಧ ತಲೆಯ ಮೊಮ್ಮಗ ಕುರ್ಚಿಯಲ್ಲಿ ಮಿಸುಕಿದ.
'ಆಯ್ತಾ?'

ಅಲ್ಲಾಡಬೇಡ, ಅಂದೆ,
ಟೀವಿಯಿಂದ ಕಣ್ಣು ತೆಗೆಯದೆ.